ಮನೆಯ ಮಲೋಮೆ, ಸ್ಟ್ಯಾಂಡಿನ ಮಲೋಮೆ

ಜೋಹಾನ್ಸ್‌ಬರ್ಗಿನ ಕಡೆಯ ನಮ್ಮ ಸೆಬೊಕೆಂಗಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತು ಒಮ್ಮೆ ‘ಮಲೋಮೆ’ ಎಂದು ಕೂಗಿ ನೋಡಿ. ತಲೆಯಲ್ಲಿ ನಾಲ್ಕು ಬಿಳಿ ಕೂದಲಿರುವ ಗಂಡಸರೆಲ್ಲ ತಿರುಗುತ್ತಾರೆ. ‘ಮೊಚಾನ’ ಎಂದು ಕೂಗಿದರೆ ಮಿಕ್ಕವರು ತಿರುಗುತ್ತಾರೆ. ಅಲ್ಲಿಗೆ ಎಲ್ಲರೂ ತಿರುಗಿದ ಹಾಗಾಯಿತು, ಆದರೆ ಯಾರೂ ಯಾರಿಗೂ ಏನೂ ಆಗಬೇಕಿಲ್ಲ. ನಾನು ಆ ಸ್ಟ್ಯಾಂಡಿನ ಬಾಯಲ್ಲಿ ಮಗ್ವಿನ್ಯಾ ಎಂಬ ಹಿಟ್ಟಿನ ಉಂಡೆ ಕರಿದು ಮಾರುವವಳು. ಮಗ ತುಮೆಲೊ ಹುಟ್ಟಿದ ಮೇಲೆ ನನ್ನ ಸ್ವಂತ ಹೆಸರನ್ನು ಯಾರೂ ಕರೆದಿಲ್ಲ, ಎಲ್ಲರಿಗೂ ನಾನು ಮಾತುಮೆಲೊ, ಅಂದರೆ ತುಮೆಲೊನ ಅಮ್ಮ. ಬಾಣಲೆಯ ಮುಂದೆ ಕೂತವಳಿಗೆ ಕೈಗೆ ಮಾತ್ರ ಕೆಲಸ, ಕಿವಿ ಬಿಡುವಾಗಿರುತ್ತದೆ. ಹಾಗಾಗಿ ಈ ಎರಡು ಪದಗಳ ಬಗ್ಗೆ ಮಾತಾಡುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಮನೆಯಲ್ಲಿ ಮಲೋಮೆ ಎಂದರೆ ತಾಯಿಯ ಅಣ್ಣ ಅಥವಾ ತಮ್ಮ, ಬೇರೆ ಯಾರೂ ಅಲ್ಲ. ಕುರಿ ಕೊಯ್ದರೆ ತಲೆ ಅವನಿಗೆ. ಅಪ್ಪ ಹೊಡೆದರೆ ಮಗು ಓಡುವುದು ಅವನ ಮನೆಗೆ. ಹೆಣ್ಣು ಕೇಳಲು ಬಂದವರ ಎದುರು ಅವನು ಬಾಯಿ ಬಿಡುವ ತನಕ ಮಾತು ಶುರುವಾಗುವುದಿಲ್ಲ. ಆಮೇಲೆ ಮದುವೆಯಲ್ಲಿ ಏನಾದರೂ ಎಡವಟ್ಟಾದರೆ ಹುಡುಗಿಯನ್ನು ಕರೆದುಕೊಂಡು ಹೋಗಿ ಬೀಗರ ಗೇಟಿನ ಮುಂದೆ ನಿಲ್ಲಬೇಕಾದವನೂ ಅವನೇ. ಮೊಚಾನ ಎಂದರೆ ಅವನ ಅಕ್ಕತಂಗಿಯರ ಮಗು, ಗಂಡಾಗಲಿ ಹೆಣ್ಣಾಗಲಿ. ಆ ಮಗುವಿಗೊಂದು ಹಕ್ಕಿದೆ. ಮಲೋಮೆಯ ತಟ್ಟೆಯಲ್ಲಿರುವ ತುಂಡನ್ನೋ ತಲೆಯ ಮೇಲಿನ ಟೋಪಿಯನ್ನೋ ಕೇಳದೆ ಎತ್ತಿಕೊಂಡು ಹೋಗಬಹುದು, ಯಾರೂ ಗದರುವಂತಿಲ್ಲ. ಕೇಳಿ ತೆಗೆದುಕೊಂಡರೇ ಮಲೋಮೆಗೆ ಬೇಜಾರು.

ಸ್ಟ್ಯಾಂಡಿನಲ್ಲಿ ಲೆಕ್ಕ ಬೇರೆ. ಅಲ್ಲಿ ಮಲೋಮೆ ಎಂದರೆ ಮುಂದಿನ ಸೀಟು ಕೊಡಿಸಬಲ್ಲವನು, ಜೇಬಿನಲ್ಲಿ ಸಿಗರೇಟಿರುವವನು, ಬೈಯುವ ಮುಂಚೆ ಒಂದು ಗಳಿಗೆ ಯೋಚಿಸಬೇಕಾದ ವಯಸ್ಸಿನವನು. ಮೊಚಾನ ಎಂದರೆ ಹೆಸರು ಗೊತ್ತಿಲ್ಲದ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲದ ಯಾವನೋ ಚಿಕ್ಕವನು. ಪೊಲೀಸಿನವನು ಜೇಬು ತಡಕುವ ಮುಂಚೆ ‘ಮೊಚಾನ’ ಎನ್ನುತ್ತಾನೆ. ಕುಡುಕರು ಸಂಜೆಗೆ ಒಬ್ಬರಿಗೊಬ್ಬರು ಮಲೋಮೆ, ಮೊಚಾನ ಆಗಿ, ದೀಪ ಹಚ್ಚುವ ಹೊತ್ತಿಗೆ ಅಂಗಿ ಹರಿದುಕೊಂಡಿರುತ್ತಾರೆ.

ಇಂಥ ಮಲೋಮೆಗಳಲ್ಲೆಲ್ಲ ದೊಡ್ಡವನು ತ್ಸೇಕೊ. ಸ್ಟ್ಯಾಂಡಿನಲ್ಲಿ ಸಾಲು ನಡೆಸುವುದು ಅವನ ಕೆಲಸ. ಕೊರಳಲ್ಲಿ ಸೀಟಿ, ತಲೆಯ ಮೇಲೆ ಹುಲ್ಲಿನ ಟೋಪಿ. ವ್ಯಾನಿನಂಥ ನಮ್ಮ ಟ್ಯಾಕ್ಸಿಗಳಲ್ಲಿ ಯಾವುದು ಮೊದಲು ತುಂಬಬೇಕು, ಯಾರು ಎಲ್ಲಿ ಕೂರಬೇಕು ಎಲ್ಲ ಅವನ ಬಾಯಲ್ಲಿ. ಆ ಕೆಲಸ ಅವನಿಗೊಂದು ಚಟ ಅಂಟಿಸಿತ್ತು. ಮನುಷ್ಯರು ಸುಮ್ಮನೆ ನಿಂತಿರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಸಂತೆಯಲ್ಲಿ ಯಾರೋ ಯೋಚನೆ ಮಾಡುತ್ತ ನಿಂತಿದ್ದರೂ ಹೋಗಿ ಮೊಣಕೈ ಹಿಡಿದು ಯಾವುದೋ ಕಡೆಗೆ ದಾಟಿಸಿ ಬರುವವನು ಅವನು.

“ಹತ್ರಪ್ಪ, ಹತ್ರಮ್ಮ, ಒತ್ತಿ ಕೂತ್ಕೊಳ್ಳಿ! ಒಂದ್ ಸೀಟಿಗೆ ನಾಲ್ಕ್ ಜನ! ಏಯ್ ಮೊಚಾನ, ನಿನ್ ಮೊಣಕಾಲಿಗೇನು ಬೇರೆ ಸೀಟ್ ಬೇಕಾ? ಮಡಚ್ಕೊ!”

“ಮಲೋಮೆ, ಕಿಟಕಿ ಪಕ್ಕದ್ದು ನಂಗೆ.”

“ನಿನ್ನಜ್ಜಿ ಬಂದ್ರೂ ಇಲ್ಲ, ಹತ್ತು!”

ಹೀಗೆ ಅವನು ಊರಿಗೆಲ್ಲ ಮಲೋಮೆ. ಆದರೆ ತಾಯಿಗೆ ಒಬ್ಬನೇ ಮಗ, ಅಕ್ಕ ಇಲ್ಲ, ತಂಗಿ ಇಲ್ಲ. ಮನೆಯ ಅರ್ಥದಲ್ಲಿ ಅವನು ಯಾರಿಗೂ ಮಲೋಮೆ ಆಗಿರಲಿಲ್ಲ, ಆಗುವ ದಾರಿಯೂ ಇರಲಿಲ್ಲ.

ನನ್ನ ಪಕ್ಕದ ಮನೆಯ ಪುಲೆಂಗ್‌ಗೆ ಅದರ ತಿರುಗುಮುರುಗಿನ ಕಷ್ಟ. ಮದುವೆಯಿಲ್ಲದೆ ಮಗಳು ಸೆಪಾತಿಯನ್ನು ಹೆತ್ತು, ಒಬ್ಬಳೇ ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು. ಅಂಥ ಮಗು ತಾಯಿಯ ಮನೆತನದ್ದು, ಅದರ ಪರವಾಗಿ ಮಾತಾಡಬೇಕಾದವನು ತಾಯಿಯ ಒಡಹುಟ್ಟಿದವನು. ಪುಲೆಂಗ್‌ಗೆ ಇದ್ದ ಒಬ್ಬ ಅಣ್ಣ ಚಿನ್ನದ ಗಣಿಗೆ ಇಳಿದವನು ಮೇಲೆ ಬರಲಿಲ್ಲ. ಈಗ ಪಕ್ಕದೂರು ಎವಾಟನ್ನಿನಿಂದ ಮೊಸಳೆ ಕುಲದವರು ತಮ್ಮ ಹುಡುಗ ಕಮೊಹೆಲೊಗೆ ಸೆಪಾತಿಯನ್ನು ಕೇಳಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿ ಯಾವ ಕಾಲವೋ ಆಗಿತ್ತು. ಆದರೆ ಬಂದವರ ಎದುರು ಕೂರಲು ಮಲೋಮೆ ಇಲ್ಲದಿದ್ದರೆ ಅವರು ಎದ್ದು ಹೋಗುತ್ತಾರೆ, ಹೋಗದಿದ್ದರೂ ಹುಡುಗಿ ಬದುಕಿಡೀ ಹಿಂದೆಮುಂದಿಲ್ಲದವಳು ಎನಿಸಿಕೊಳ್ಳುತ್ತಾಳೆ.

“ನಮ್ಮ ತ್ಸೇಕೊನೂ ನಿಮ್ ಹಾಗೇ ಸಿಂಹದ ಕುಲದವ್ನಲ್ವೇನೆ?” ಎಂದೆ ನಾನು. “ಕುಲ ಒಂದಾದ್ಮೇಲೆ ನಿಂಗೆ ಅಣ್ಣನೇ ಆದ. ಕರಿ.”

ತ್ಸೇಕೊನನ್ನು ಕರೆದರು. ಪುಲೆಂಗಳ ಸೋದರತ್ತೆ ಮಾದಿತಾಬಾ, ಆ ಮನೆಯ ಹಿರಿಯಳು, ಬೆಂಕಿಯ ಪಕ್ಕ ಕಂಬಳಿ ಹೊದ್ದು ಕೂತು ಅವನನ್ನು ವಿಚಾರಿಸಿಕೊಂಡಳು.

“ನಿನ್ನ ಇದುವರೆಗೆ ಯಾರಾದ್ರೂ ಮಲೋಮೆ ಅಂತ ಕರೆದಿದ್ದಾರೇನೊ?”

“ಇಡೀ ಸೆಬೊಕೆಂಗ್ ಕರೀತದೆ ಅಜ್ಜಿ.”

“ಅದು ಕೂಗೋದು. ನಾನು ಕೇಳಿದ್ದು ಕರೆಯೋದನ್ನ.”

ತ್ಸೇಕೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಇಲ್ಲ.”

“ನೋಡು, ಮಲೋಮೆ ಅನ್ನೋದು ಊಟದ ಮನೆ ಕೊಳಗ ಅಲ್ಲ, ಎರವಲು ತಂದು, ತೊಳೆದು ವಾಪಸ್ ಕೊಡೋದಕ್ಕೆ. ಆ ಕುರ್ಚಿ ಮೇಲೆ ಒಂದ್ಸಲ ಕೂತ್ಯೋ, ಆಮೇಲೆ ಏಳೋ ಹಾಗಿಲ್ಲ. ನಾಳೆ ಅವಳಿಗೇನಾದ್ರೂ ಆದ್ರೆ ನಿನ್ನ ಬಾಗಿಲು ಬಡೀತಾಳೆ. ತಿಳೀತಾ?”

“ತಿಳೀತಜ್ಜಿ, ಅದೇನ್ ಮಹಾ ಬಿಡಿ” ಎಂದ ತ್ಸೇಕೊ. ಮುಂದಿನ ಸೀಟು ಕೇಳಿದವರಿಗೆ ಒಪ್ಪಿಕೊಳ್ಳುವ ದನಿಯಲ್ಲೇ ಒಪ್ಪಿಕೊಂಡ. ಬೇರೆ ಯಾರೂ ಇಲ್ಲದ್ದರಿಂದ ಮುದುಕಿ ಅವನನ್ನೇ ಒಪ್ಪಿಕೊಂಡಳು.

ಹೆಣ್ಣು ಕೇಳಲು ಬಂದವರನ್ನು ಗೇಟಿನ ಹೊರಗೆ ನಿಲ್ಲಿಸುವುದು ನಮ್ಮಲ್ಲಿ ಮೊದಲ ಕೆಲಸ. ಅವರು ಹೊತ್ತು ಮೂಡುವಾಗ ಬಂದು ‘ಕೊ-ಕೊ’ ಎಂದು ಕೂಗಿ, ಹುಡುಗಿಯ ಕುಲವನ್ನು ಹೊಗಳಬೇಕು. ಒಳಗಿನವರು ಕೇಳಿಸದವರಂತೆ ಇರಬೇಕು. ಪರದೆ ಸರಿಸಿ ನೋಡಬೇಕು, ಚಹಾ ಕುಡಿಯಬೇಕು, ಇನ್ನೊಂದು ಲೋಟ ಬೇಕಾದರೂ ಕುಡಿಯಬೇಕು. ಬೀದಿಯವರೆಲ್ಲ ಎದ್ದು ಬಂದು, ಇವರು ಈ ಹುಡುಗಿಗಾಗಿ ನಿಂತಿದ್ದಾರೆ ಎಂದು ಕಣ್ಣಾರೆ ಕಾಣಬೇಕು. ಹುಡುಗಿಯ ತೂಕ ಗೊತ್ತಾಗುವುದು ಅಲ್ಲಿ. ಹೆಣ್ಣಿಗೆ ಕೊಡುವ ತೆರ ಎಂದು ಒಳಗೆ ಮಾತಾಗುವ ಹಸುಗಳು ಎಷ್ಟು ಎನ್ನುವುದು ಬಂದ ನಾಲ್ಕು ಜನಕ್ಕೆ ಮಾತ್ರ ಗೊತ್ತು, ಹೊರಗೆ ನಿಂತದ್ದು ಬೀದಿಗೆಲ್ಲ ಗೊತ್ತು.

“ನಾನು ಕೆಮ್ಮೋ ತನಕ ಗೇಟ್ ಮುಟ್ಬೇಡ” ಎಂದು ಮಾದಿತಾಬಾ ತ್ಸೇಕೊಗೆ ಹಿಂದಿನ ದಿನವೇ ಹೇಳಿದ್ದಳು.

ನಮ್ಮಲ್ಲಿ ಜೂನ್ ಎಂದರೆ ಕೊರೆಯುವ ಚಳಿಗಾಲ, ಕಲ್ಲಿದ್ದಲ ಹೊಗೆ ಬೀದಿಯ ಮೇಲೆ ಕವುಚಿಕೊಂಡಿತ್ತು. ನಾವು ಹೆಂಗಸರು ಅಡುಗೆಮನೆಯಲ್ಲಿದ್ದೆವು. ತ್ಸೇಕೊ ಯಾರದೋ ಕೋಟು ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಕುರ್ಚಿಯ ಅಂಚಿಗೆ ಕೂತಿದ್ದ. ಹೊರಗೆ ‘ಕೊ-ಕೊ! ಸಿಂಹದ ಕುಲದವರೇ!’ ಎಂದು ಕೂಗು ಬಂತು. ತ್ಸೇಕೊ ಕಿಟಕಿಯಲ್ಲಿ ಇಣುಕಿದ. ನಾಲ್ಕು ಜನ ಗಂಡಸರು ಕಂಬಳಿ ಹೊದ್ದು, ಕೈ ಉಜ್ಜಿಕೊಳ್ಳುತ್ತ ಸಾಲಾಗಿ ನಿಂತಿದ್ದರು. ಎರಡನೇ ಕೂಗು ಪೂರ್ತಿ ಬಾಯಿಂದ ಹೊರಬಿದ್ದಿರಲಿಲ್ಲ, ಅಷ್ಟರಲ್ಲಿ ಅವನು ಗೇಟಿನ ಹತ್ತಿರ ಇದ್ದ. ಅವನ ಕಾಲಿಗೆ ಅವನ ತಲೆಯನ್ನು ಕೇಳುವ ಅಭ್ಯಾಸವೇ ಇರಲಿಲ್ಲ.

“ಬನ್ನಿ ಬನ್ನಿ, ಚಳೀಲಿ ಯಾಕ್ ನಿಂತ್ಕೊಂಡಿದ್ದೀರ! ಒಳಗ್ ನಡೀರಿ! ಒತ್ತಿ ಕೂತ್ಕೊಳ್ಳಿ, ಈ ಸೋಫಾದಲ್ಲಿ ನಾಲ್ಕ್ ಜನ ಆರಾಮಾಗಿ ಕೂರ್ಬೋದು!”

ಬಂದವರ ಹಿರಿಯ ರಾಂಚೊ, ಕೋಲು ಹಿಡಿದ ಎತ್ತರದ ಮುದುಕ, ಆ ಸೋಫಾದಲ್ಲಿ ಮೂವರ ನಡುವೆ ಸಿಕ್ಕಿಕೊಂಡು ಕೂತ. ಹೊಗಳಿಕೆಯ ಸಾಲುಗಳನ್ನು ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನಂತೆ, ಹೇಳಲು ಅವಕಾಶವೇ ಸಿಗಲಿಲ್ಲ.

“ಏನ್ ಮಲೋಮೆ,” ಎಂದ ರಾಂಚೊ, “ಬಾಗ್ಲು ಹಾಕ್ಕೊಂಡು ಜೋಹಾನ್ಸ್‌ಬರ್ಗಿಗೆ ಬಿಡ್ತೀಯೋ ಹೆಂಗೆ?”

ನಾಲ್ವರೂ ನಕ್ಕರು. ತ್ಸೇಕೊ ಕೂಡ ನಕ್ಕ, ಆಮೇಲೆ ನಗು ಅರ್ಧಕ್ಕೆ ನಿಂತಿತು. ಅಡುಗೆಮನೆಯಲ್ಲಿ ಮಾದಿತಾಬಾ ಕೆಮ್ಮಲೆಂದು ಬಾಯಿಗೆ ಅಡ್ಡ ಹಿಡಿದ ಕೈ ಹಾಗೇ ಇತ್ತು.

“ಹೋದ್ಲು ಕಣೇ ಹುಡುಗಿ,” ಎಂದಳು. “ಟ್ಯಾಕ್ಸಿಗೆ ಹತ್ತಿಸೋ ಹಾಗೆ ಹತ್ತಿಸ್ಬಿಟ್ಟ.”

ಉಳಿದದ್ದೆಲ್ಲ ಸರಿಯಾಗಿಯೇ ಆಯಿತು. ತ್ಸೇಕೊ ಮಾತಿನಲ್ಲಿ ಸೋಲುವವನಲ್ಲ, ಡ್ರೈವರುಗಳ ಜೊತೆ ದಿನವೂ ಗುದ್ದಾಡುವ ಬಾಯಿ. ಮಧ್ಯಾಹ್ನ ಕುರಿ ಕೊಯ್ದರು. ತಲೆ ಬೇಯಿಸಿ ಅವನ ಮುಂದೆ ಇಟ್ಟರು. ಸೆಪಾತಿ ನೀರು ಕೊಡಲು ಬಂದಾಗ ಅವನು ತಟ್ಟೆಯನ್ನು ಅವಳ ಕಡೆಗೆ ಸರಿಸಿದ.

“ತಗೊ ಮೊಚಾನ, ನಾಲಿಗೆ ತುಂಡಿದೆ.”

“ಬೇಡ, ನೀವ್ ತಿನ್ನಿ” ಎಂದಳು ಸೆಪಾತಿ ತಗ್ಗಿದ ದನಿಯಲ್ಲಿ. ಒಳ್ಳೆಯ ಹುಡುಗಿ, ಹೊರಗಿನವರೊಂದಿಗೆ ಹೇಗಿರಬೇಕೋ ಹಾಗಿದ್ದಳು. ತ್ಸೇಕೊ ತಟ್ಟೆಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡು ಒಬ್ಬನೇ ತಿಂದ. ನನಗೆ ಪಾಪ ಅನಿಸಿತು.

ಮದುವೆಯಾಗಿ ಸೆಪಾತಿ ಎವಾಟನ್ನಿಗೆ ಹೋದಳು. ತ್ಸೇಕೊ ಸ್ಟ್ಯಾಂಡಿಗೆ ಬಂದ. ಸೀಟಿ ಅದೇ, ಕೂಗು ಅದೇ. ಕೆಲವು ತಿಂಗಳಾದ ಮೇಲೆ ಪುಲೆಂಗ್ ಬೇಲಿಯಾಚೆ ನಿಂತು ನನಗೆ ಸುದ್ದಿ ಹೇಳತೊಡಗಿದಳು. ಹೊಡೆತ ಇಲ್ಲ, ಉಪವಾಸ ಇಲ್ಲ, ಇರುವುದು ಒಂದು ಮಾತು. ಗಂಜಿ ತಳ ಹಿಡಿದರೆ ಅತ್ತೆ ಅನ್ನುವಳು, “ನಿಮ್ ಮನೇಲಿ ಗೇಟಿಗೆ ಅಗುಳಿನೇ ಇರ್ಲಿಲ್ಲ, ಒಲೆ ಮುಂದೆ ನಿಲ್ಲೋದನ್ನ ಯಾರ್ ಕಲಿಸ್ತಾರೆ?” ನೆರೆಯವರು ಬಂದರೆ ಅನ್ನುವಳು, “ನಮ್ಮೋರು ಬಾಯಿ ತೆಗೆಯೋಕ್ಮುಂಚೆ ಕೊಟ್ಬಿಟ್ರು, ಎಷ್ಟ್ ಅವಸರವೋ ಏನೋ!” ಕಮೊಹೆಲೊ ಮೊದಲು ಸುಮ್ಮನಿದ್ದ. ಆಮೇಲೆ ನಕ್ಕ. ಕೊನೆಗೊಂದು ದಿನ ಏನೋ ಸಣ್ಣ ಜಗಳದಲ್ಲಿ ತಾನೇ ಅದನ್ನು ಅಂದ.

ಇದನ್ನು ನಾನು ತ್ಸೇಕೊಗೆ ಚಹಾ ಕೊಡುವಾಗ ಹೇಳಿದೆ.

“ತಮಾಷೆಗ್ ಅಂದಿರ್ತಾರೆ ಬಿಡು” ಎಂದ. ಚಹಾ ಪೂರ್ತಿ ಕುಡಿಯದೆ ಹೋದ.

ಡಿಸೆಂಬರಿನ ಬೇಸಿಗೆಯ ಒಂದು ಮಧ್ಯಾಹ್ನ, ಟಾರು ಅಂಗಾಲಿಗೆ ಅಂಟುವಂಥ ಬಿಸಿಲು. ತ್ಸೇಕೊ ನನ್ನ ಕೊಡೆಯ ನೆರಳಿನಲ್ಲಿ ನಿಂತು ಮಗ್ವಿನ್ಯಾ ತಿನ್ನುತ್ತಿದ್ದ. ಎವಾಟನ್ ಟ್ಯಾಕ್ಸಿಯಿಂದ ಸೆಪಾತಿ ಇಳಿದಳು, ಕೈಯಲ್ಲೊಂದು ಚೀಲ. ಮನೆಗೆ ಹೋಗುವ ದಾರಿ ಆ ಕಡೆ, ಅವಳು ಈ ಕಡೆ ಬಂದಳು. ಸುತ್ತ ಎಂದಿನ ಗಲಾಟೆ. ‘ಮಲೋಮೆ, ಫರೀನಿಖಿಂಗ್‌ಗೆ ಯಾವ್ದು?’ ‘ಮಲೋಮೆ, ಇವ್ನು ಸಾಲು ಮುರೀತಿದಾನೆ!’ ಸೆಪಾತಿ ಮಾತ್ರ ಏನೂ ಅನ್ನಲಿಲ್ಲ. ನೇರ ಅವನ ಎದುರು ಬಂದು ನಿಂತು, ಅವನ ಕೈಯಲ್ಲಿದ್ದ ಕಚ್ಚಿದ ಮಗ್ವಿನ್ಯಾವನ್ನು ಕಿತ್ತುಕೊಂಡು ತಿನ್ನತೊಡಗಿದಳು. ತಿನ್ನುತ್ತ ಅಳುತ್ತಿದ್ದಳು, ಅಳುತ್ತಲೇ ತಿನ್ನುತ್ತಿದ್ದಳು.

ತ್ಸೇಕೊ ತನ್ನ ಖಾಲಿ ಕೈಯನ್ನು ನೋಡಿಕೊಂಡ.

“ಇನ್ನೊಂದ್ ಕೊಡು ಮಾತುಮೆಲೊ” ಎಂದ. ಅದನ್ನೂ ಅವಳ ಕೈಗೆ ಕೊಡದೆ, ತನ್ನ ಅಂಗೈಯಲ್ಲೇ ಹಿಡಿದುಕೊಂಡು ನಿಂತ. ಅವಳು ಅದನ್ನೂ ಕೇಳದೆ ತೆಗೆದುಕೊಂಡಳು.

“ಬಿಟ್ ಬಂದ್ಬಿಟ್ಯಾ?” ಎಂದು ಕೇಳಿದ.

“ಇಲ್ಲ. ನಂಗೆ ಅವನು ಬೇಕು. ಆ ಮಾತ್ ಬೇಡ.”

ತಾನಾಗಿ ತಿರುಗಿ ಹೋದರೆ ಆ ಮಾತು ಇಮ್ಮಡಿಯಾಗುತ್ತದೆ, ಹೋಗದಿದ್ದರೆ ಮದುವೆ ಮುಗಿಯುತ್ತದೆ. ಇದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಯಾರಾದರೂ ಕರೆದುಕೊಂಡು ಹೋಗಬೇಕು. ತ್ಸೇಕೊ ಕೊರಳಿನಿಂದ ಸೀಟಿ ತೆಗೆದು ನನ್ನ ಕೊಡೆಯ ಕಡ್ಡಿಗೆ ನೇತುಹಾಕಿದ. ಸಾಲಿನಿಂದ ಯಾರೋ ‘ಮಲೋಮೆ!’ ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ಅವನು ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ನಾವು ಮೂವರು ಎವಾಟನ್ನಿಗೆ ಹೋದೆವು. ಹೆತ್ತ ತಾಯಿ ಹೋಗುವ ಹಾಗಿಲ್ಲ, ಜೊತೆಗೆ ಒಬ್ಬ ಹೆಂಗಸು ಬೇಕೆಂದು ನಾನು. ನಿಜ ಹೇಳಬೇಕೆಂದರೆ, ಕರೆಯದಿದ್ದರೂ ಹೋಗುತ್ತಿದ್ದೆ.

“ಕೊ-ಕೊ! ಮೊಸಳೆ ಕುಲದವರೇ! ನೀರಿನ ಒಡೆಯರೇ!” ಎಂದು ತ್ಸೇಕೊ ಕೂಗಿದ. ಪರದೆ ಅಲುಗಿತು. ಬಾಗಿಲು ತೆರೆಯಲಿಲ್ಲ. ಅವನು ಮತ್ತೆ ಕೂಗಿದ, ಅವರ ಮುತ್ತಜ್ಜಂದಿರನ್ನೆಲ್ಲ ಹೊಗಳಿದ, ಗೊತ್ತಿದ್ದ ಹೊಗಳಿಕೆ ಮುಗಿದ ಮೇಲೆ ಸ್ವಂತದ್ದು ಕಟ್ಟಿ ಹೊಗಳಿದ. ಒಳಗೆ ಲೋಟದ ಸದ್ದು ಕೇಳಿಸುತ್ತಿತ್ತು. ಚಹಾ ಕುಡಿಯುತ್ತಿದ್ದರು. ನೆರೆಹೊರೆಯವರು ಒಬ್ಬೊಬ್ಬರಾಗಿ ಹೊರಗೆ ಬಂದು ಕಟ್ಟೆಗಳ ಮೇಲೆ ಕೂತರು. ಮಕ್ಕಳು ಬೇಲಿ ಹತ್ತಿದರು.

ತ್ಸೇಕೊನ ಕಾಲು ಒಂದೇ ಸಮ ತಾಳ ಹಾಕುತ್ತಿತ್ತು. ಅವನು ಆ ಕಾಲಿನ ಮೇಲೆ ಇನ್ನೊಂದು ಕಾಲನ್ನು ಇಟ್ಟು ನಿಂತ. ಬೀದಿಯಲ್ಲಿ ಹೋಗುತ್ತಿದ್ದ ಟ್ಯಾಕ್ಸಿಯೊಂದು ನಿಧಾನವಾಗಿ, ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಮಲೋಮೆ! ಇಲ್ಲೇನ್ ಮಾಡ್ತಿದೀಯ? ಸ್ಟ್ಯಾಂಡಲ್ಲಿ ಸಾಲು ರೋಡಿಗೆ ಬಂದಿದೆ, ಜನ ಹೊಡ್ದಾಡ್ತಿದಾರೆ!”

ತ್ಸೇಕೊ ಗೇಟಿನಿಂದ ಕಣ್ಣು ಕೀಳಲಿಲ್ಲ. ಡ್ರೈವರ್ ನನ್ನ ಮುಖ ನೋಡಿದ. ಹೋಗು ಎಂದು ಕೈ ಮಾಡಿದೆ.

ಹೊತ್ತು ನೆತ್ತಿಯ ಹತ್ತಿರ ಬಂದಾಗ ರಾಂಚೊ ಹೊರಗೆ ಬಂದ. ಗೇಟಿನ ಒಳಗೇ ನಿಂತು ಕೋಲಿನ ಮೇಲೆ ಭಾರ ಹಾಕಿದ.

“ಯಾರದು?”

“ಸೆಪಾತಿಯ ಮಲೋಮೆ.”

“ನೀನು ಊರಿಗೆಲ್ಲ ಮಲೋಮೆ ಅಂತ ಕೇಳಿದ್ದೆ.”

“ಅಲ್ಲಿ ಹೌದು,” ಎಂದ ತ್ಸೇಕೊ. “ಅಲ್ಲಿ ಯಾರ್ ಕೂಗಿದ್ರೂ ತಿರುಗ್ತೀನಿ. ಇಲ್ಲಿ ಇವಳೊಬ್ಬಳಿಗೆ ಬಂದಿದ್ದೀನಿ.”

“ಏನ್ ಹೇಳೋಕೆ?”

“ಅವತ್ತು ನಿಮ್ಮನ್ನ ಹೊರಗೆ ನಿಲ್ಲಿಸ್ಲಿಲ್ಲ. ತಪ್ಪು ನಂದು, ಹುಡುಗೀದಲ್ಲ. ನಂಗೆ ಜನ ನಿಂತಿದ್ರೆ ಆಗಲ್ಲ, ಅದು ನನ್ ರೋಗ. ಅದಕ್ಕೆ ನೀವು ಇವಳನ್ನ ಹಗುರ ಮಾಡಿದ್ರಿ. ನೀವ್ ಅವತ್ತು ಎಷ್ಟ್ ನಿಲ್ಬೇಕಿತ್ತೋ ಅದನ್ನ ಇವತ್ತು ನಾನ್ ನಿಲ್ತೀನಿ. ಸಾಕು ಅನ್ಸಿದ್ಮೇಲೆ ತೆಗೀರಿ. ಆದ್ರೆ ತೆಗೆದ್ಮೇಲೆ ಆ ಮಾತು ಈ ಮನೇಲಿ ಯಾರ ಬಾಯಲ್ಲೂ ಬರಬಾರ್ದು.”

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಕೇಳಿಸಿಕೊಂಡರು. ರಾಂಚೊ ಅವನನ್ನು ನೋಡಿದ, ಸೆಪಾತಿಯನ್ನು ನೋಡಿದ, ತಿರುಗಿ ಒಳಗೆ ಹೋದ. ಬಾಗಿಲು ಮತ್ತೆ ಮುಚ್ಚಿತು.

ಬಿಸಿಲು ಏರಿತು. ನನಗೆ ತಲೆ ಸುತ್ತಿದಂತಾಗಿ ಎದುರು ಮನೆಯವರ ನೆರಳಿಗೆ ಹೋಗಿ ಕೂತೆ. ಸೆಪಾತಿಯನ್ನೂ ಕರೆದೆ, ಬರಲಿಲ್ಲ. ಅವಳು ಕೈ ಎತ್ತಿ, ತ್ಸೇಕೊನ ತಲೆಯ ಮೇಲಿದ್ದ ಹುಲ್ಲಿನ ಟೋಪಿಯನ್ನು ತೆಗೆದು ತಾನು ಹಾಕಿಕೊಂಡಳು. ಕೇಳಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ತ್ಸೇಕೊ 'ಹಂ' ಎಂದ, ಅಷ್ಟೇ. ಬೋಳಾಗುತ್ತಿದ್ದ ಅವನ ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು. ಕಿಟಕಿಯ ಪರದೆಯ ಹಿಂದೆ ಅತ್ತೆ ನಿಂತಿದ್ದುದು ನನಗೆ ಕಾಣುತ್ತಿತ್ತು, ಟೋಪಿ ತೆಗೆದದ್ದನ್ನು ಅವಳೂ ಕಂಡಳು. ಅದರ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನಗೆ ಆ ಹೊತ್ತಿನಲ್ಲಿ ಇಬ್ಬರ ಮೇಲೂ ಬಹಳ ಪ್ರೀತಿ ಬಂತು.

ಒಳಗಿನಿಂದ ರಾಂಚೊನ ದನಿ ಕೇಳಿಸಿತು. “ಗೇಟ್ ತೆಗಿಯೋ ಕಮೊಹೆಲೊ.”

ಕಮೊಹೆಲೊ ತಲೆ ತಗ್ಗಿಸಿಕೊಂಡು ಬಂದ. ಅಗುಳಿ ತೆಗೆದು ಗೇಟನ್ನು ಪೂರ್ತಿ ಹಿಂದಕ್ಕೆ ಸರಿಸಿದ. ಹೆಂಡತಿಯ ಕಡೆ ನೋಡಲು ಅವನಿಗೆ ಧೈರ್ಯ ಬರಲಿಲ್ಲ, ತ್ಸೇಕೊನ ಕಡೆ ನೋಡಿದ.

“ಒಳಗ್ ಬನ್ನಿ, ಮಲೋಮೆ.”

ತ್ಸೇಕೊ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿದ. ಕಟ್ಟೆಗಳ ಮೇಲೆ ಜನ ಇನ್ನೂ ಕೂತಿದ್ದರು. ಸುದ್ದಿ ತಡವಾಗಿ ಕೇಳಿದ ಒಂದಿಬ್ಬರು ಆಗಷ್ಟೇ ಹೊರಗೆ ಬರುತ್ತಿದ್ದರು.

“ಬರ್ತೀವಪ್ಪ,” ಎಂದ. “ಇನ್ನೊಂದ್ ಸ್ವಲ್ಪ ಹೊತ್ತು ನಿಂತಿರ್ತೀನಿ.”